ಸೂಕ್ಷ್ಮ ವರ್ಣಲೇಪನಕ್ಕೆ ಏರ್‌ಬ್ರಷ್: ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

ಗೊಂಬೆಯಾಗಲಿ, ವಿಗ್ರಹವಾಗಲಿ, ಹೆಲ್ಮೆಟ್ ಆಗಲಿ, ಗ್ರಾಹಕನ ದೃಷ್ಟಿ ಮೊದಲು ಬೀಳುವುದು ಅದರ ಬಣ್ಣದ ಮೇಲೆ. ಅಚ್ಚು ಎಷ್ಟೇ ಕರಾರುವಾಕ್ಕಾಗಿರಲಿ, ಕಚ್ಚಾವಸ್ತು ಎಷ್ಟೇ ಉತ್ತಮ ದರ್ಜೆಯದಾಗಿರಲಿ, ಕೆನ್ನೆಯ ಕೆಂಪು ಮೆತ್ತಿದ ಕಲೆಯಂತೆ ಕಂಡರೆ ಅಥವಾ ಕಣ್ಣಿನ ಸುತ್ತಲಿನ ನೆರಳು ಒಂದು ಬದಿಗೆ ಹರಿದಿದ್ದರೆ ಆ ಸರಕು ಎರಡನೆಯ ದರ್ಜೆಯದೆಂದು ಬದಿಗೆ ಸರಿಯುತ್ತದೆ. ತಯಾರಿಕೆಯ ಎಲ್ಲ ವೆಚ್ಚವೂ ಸಂದಾಯವಾದ ಮೇಲೆ, ಕೊನೆಯ ಹಂತದಲ್ಲಿ ಸಂಭವಿಸುವ ನಷ್ಟವಿದು. ಆದ್ದರಿಂದಲೇ ಆಟಿಕೆ, ಅಲಂಕಾರಿಕ ವಸ್ತು, ವಿಗ್ರಹ, ನಾಮಫಲಕ ಮತ್ತು ವಾಹನಗಳ ಬಿಡಿಭಾಗಗಳಿಗೆ ಬಣ್ಣ ಹಾಕುವ ಸಣ್ಣ ಘಟಕಗಳು ಕುಂಚದ ಜೊತೆಗೆ ಏರ್‌ಬ್ರಷ್ ಎಂಬ ಉಪಕರಣವನ್ನೂ ಆಶ್ರಯಿಸುತ್ತಿವೆ.

ಆದರೆ ಉತ್ಸಾಹದಿಂದ ಕೊಂಡ ಏರ್‌ಬ್ರಷ್ ಕೆಲವೇ ತಿಂಗಳುಗಳಲ್ಲಿ ಮೂಲೆ ಸೇರುವುದು ಅಪರೂಪವೇನಲ್ಲ. ಇದಕ್ಕೆ ಹಲವು ಸಂದರ್ಭಗಳಲ್ಲಿ ಕಾರಣವಾಗುವುದು ಒಂದು ತಪ್ಪು ಎಣಿಕೆ: ಕೆಲಸ ಸೂಕ್ಷ್ಮವಾದಷ್ಟೂ ಉಪಕರಣದ ರಂಧ್ರವೂ ಸೂಕ್ಷ್ಮವಾಗಿರಬೇಕು ಎಂಬುದು. ವಾಸ್ತವದಲ್ಲಿ ಗೆರೆಯ ಸೂಕ್ಷ್ಮತೆಯನ್ನು ನಿರ್ಧರಿಸುವುದು ರಂಧ್ರವೊಂದೇ ಅಲ್ಲ. ರಂಧ್ರ, ಬಣ್ಣದ ಹದ, ಗಾಳಿಯ ಒತ್ತಡ ಮತ್ತು ಕೆಲಸಗಾರನ ಕೈ, ಈ ನಾಲ್ಕೂ ಒಂದಕ್ಕೊಂದು ಹೊಂದಿಕೊಂಡಾಗ ಮಾತ್ರ ಫಲ ದೊರೆಯುತ್ತದೆ. ಈ ಹೊಂದಾಣಿಕೆಯನ್ನು ಮೊದಲು ಯೋಚಿಸಿ ಅನಂತರ ಅಂಗಡಿಗೆ ಹೋಗುವ ಉದ್ದಿಮೆದಾರನ ಹಣ ವ್ಯರ್ಥವಾಗುವುದಿಲ್ಲ.

ಉಪಕರಣದ ಹಿನ್ನೆಲೆ

ಗಾಳಿಯ ಬಲದಿಂದ ಬಣ್ಣವನ್ನು ತುಂತುರಾಗಿಸುವ ಕೈಯುಪಕರಣವನ್ನು 1870ರ ದಶಕದಲ್ಲಿ ಅಮೆರಿಕದ ಅಯೋವಾ ರಾಜ್ಯದ ಆಬ್ನರ್ ಪೀಲರ್ ರೂಪಿಸಿದನು. ಛಾಯಾಚಿತ್ರಗಳನ್ನು ತಿದ್ದುವುದು ಆ ಕಾಲದಲ್ಲಿ ಇದರ ಮುಖ್ಯ ಉಪಯೋಗವಾಗಿತ್ತು. ಇಂದು ಬಳಕೆಯಲ್ಲಿರುವ, ಲೇಖನಿಯಂತೆ ಹಿಡಿಯಬಹುದಾದ ಮಾದರಿಗೆ 1893ರ ಸುಮಾರಿಗೆ ಚಾರ್ಲ್ಸ್ ಬರ್ಡಿಕ್ ರೂಪು ಕೊಟ್ಟನು. ಷಿಕಾಗೊದ ಪಾಷೆ ಸಂಸ್ಥೆ 1904ರಿಂದ, ಜಪಾನಿನ ಇವಾಟ ಸಂಸ್ಥೆ 1926ರಿಂದ ವಾಯುಚಾಲಿತ ಉಪಕರಣಗಳ ವ್ಯವಹಾರದಲ್ಲಿವೆ. ಜರ್ಮನಿಯ ಹಾರ್ಡರ್ ಅಂಡ್ ಸ್ಟೀನ್‌ಬೆಕ್, ಅಮೆರಿಕದ ಬ್ಯಾಡ್ಜರ್ ಮುಂತಾದ ಹೆಸರುಗಳೂ ಈ ಕ್ಷೇತ್ರದಲ್ಲಿ ಪರಿಚಿತವಾಗಿವೆ. ಇವುಗಳ ಜೊತೆಗೆ ಚೀನಾದಲ್ಲಿ ತಯಾರಾಗಿ ಹಲವು ಹೆಸರುಗಳಲ್ಲಿ ಮಾರಾಟವಾಗುವ ಅಗ್ಗದ ಮಾದರಿಗಳು ಮಾರುಕಟ್ಟೆಯಲ್ಲಿ ಹೇರಳವಾಗಿ ದೊರೆಯುತ್ತವೆ.

ಉಪಕರಣದ ತತ್ತ್ವ ಸರಳವಾದುದು. ಮೊನಚಾದ ಉಕ್ಕಿನ ಸೂಜಿಯೊಂದು ಶಂಕುವಿನಾಕಾರದ ನಾಝಲ್‌ನೊಳಗೆ ಕುಳಿತು ಅದರ ರಂಧ್ರವನ್ನು ಮುಚ್ಚಿರುತ್ತದೆ. ಸೂಜಿಯನ್ನು ಹಿಂದಕ್ಕೆಳೆದಂತೆ ರಂಧ್ರ ಸ್ವಲ್ಪಸ್ವಲ್ಪವಾಗಿ ತೆರೆದುಕೊಳ್ಳುತ್ತದೆ. ನಾಝಲ್‌ನ ಸುತ್ತ ವೇಗವಾಗಿ ಹರಿಯುವ ಗಾಳಿ ಅದರ ಬಾಯಲ್ಲಿ ಒತ್ತಡವನ್ನು ತಗ್ಗಿಸಿ ಬಣ್ಣವನ್ನು ಹೊರಗೆಳೆದು ಹನಿಹನಿಯಾಗಿ ಒಡೆಯುತ್ತದೆ. ಸೂಜಿ ಎಷ್ಟು ನೇರವಾಗಿದೆ, ನಾಝಲ್ ಎಷ್ಟು ದುಂಡಾಗಿದೆ, ಎರಡೂ ಎಷ್ಟು ಸರಿಯಾಗಿ ಒಂದೇ ಅಕ್ಷದಲ್ಲಿ ಕುಳಿತಿವೆ ಎಂಬುದರ ಮೇಲೆ ತುಂತುರಿನ ಗುಣ ನಿಂತಿದೆ. ಉತ್ತಮ ತಯಾರಕರು ಹೆಚ್ಚಿನ ಬೆಲೆ ಕೇಳುವುದು ಮುಖ್ಯವಾಗಿ ಈ ಕರಾರುವಾಕ್ಕುತನಕ್ಕಾಗಿ. ಹೊರಗಿನ ಹೊಳಪು ಎಲ್ಲ ದರ್ಜೆಯ ಉಪಕರಣಗಳಿಗೂ ಇರುತ್ತದೆ.

ಮೊದಲ ಪ್ರಶ್ನೆ: ಕೆಲಸಕ್ಕೆ ಏರ್‌ಬ್ರಷ್ ಬೇಕೇ?

ಎಲ್ಲ ಸೂಕ್ಷ್ಮ ಕೆಲಸಕ್ಕೂ ಏರ್‌ಬ್ರಷ್ ಪರಿಹಾರವಲ್ಲ. ಹುಬ್ಬಿನ ಗೆರೆ, ಕಣ್ಣಿನ ಅಂಚು, ಆಭರಣದ ಚುಕ್ಕಿ ಮುಂತಾದ ಸ್ಪಷ್ಟ ಅಂಚಿನ ಕೆಲಸಗಳಲ್ಲಿ ಪಳಗಿದ ಕೈಯ ಸಣ್ಣ ಕುಂಚಕ್ಕೆ ಇಂದಿಗೂ ಸಾಟಿಯಿಲ್ಲ. ಚನ್ನಪಟ್ಟಣದ ಗೊಂಬೆಗಳಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ, ಘರ್ಷಣೆಯ ಬಿಸಿಯಿಂದಲೇ ಅದು ಕರಗಿ ಮೈಗಂಟುವಂತೆ ಮಾಡಲಾಗುತ್ತದೆ. ಆ ಲೇಪನದ ಹೊಳಪನ್ನು ಸಿಂಪಡಿಸಿ ಪಡೆಯಲಾಗದು. ಮತ್ತೊಂದು ಕಡೆ, ದೊಡ್ಡ ಮೈಗೆ ಒಂದೇ ಬಣ್ಣ ಹಾಕುವುದಾದರೆ ಸಾಮಾನ್ಯ ಸ್ಪ್ರೇ ಗನ್ ಏರ್‌ಬ್ರಷ್‌ಗಿಂತ ಎಷ್ಟೋ ಪಾಲು ವೇಗವಾಗಿ ಕೆಲಸ ಮುಗಿಸುತ್ತದೆ.

ಏರ್‌ಬ್ರಷ್‌ನ ನಿಜವಾದ ಕ್ಷೇತ್ರ ಇವೆರಡರ ನಡುವೆ ಇದೆ. ಒಂದು ಬಣ್ಣ ಇನ್ನೊಂದರಲ್ಲಿ ಕರಗುವಂತೆ ಕಾಣಬೇಕಾದ ಕಡೆ, ಮುಖದ ನೆರಳು ಮತ್ತು ಕೆನ್ನೆಯ ಕೆಂಪು ಮೃದುವಾಗಿ ಮೂಡಬೇಕಾದ ಕಡೆ, ವಸ್ತ್ರದ ಮಡಿಕೆಗೆ ಆಳ ತೋರಿಸಬೇಕಾದ ಕಡೆ ಅದು ಸಾರ್ಥಕವಾಗುತ್ತದೆ. ಕುಂಚದ ಗೀರುಗಳಿಲ್ಲದ ತೆಳುವಾದ ಪದರ ಅದರ ವಿಶೇಷ.

ಇಲ್ಲಿ ತಯಾರಕರು ಮರೆಯಬಾರದ ಇನ್ನೊಂದು ಅಂಶವಿದೆ. ಒಂದೇ ವಿನ್ಯಾಸವನ್ನು ನೂರಾರು ನಗಗಳ ಮೇಲೆ ಮೂಡಿಸಬೇಕಾದಾಗ ಸೂಕ್ಷ್ಮತೆಯನ್ನು ಕೊರೆಯಚ್ಚಿನಿಂದ ಪಡೆಯುವುದು ಲಾಭಕರ. ವಸ್ತುವಿನ ಆಕಾರಕ್ಕೆ ಸರಿಯಾಗಿ ಕೂರುವ ಲೋಹದ ಮುಸುಕುಗಳನ್ನು ಆಟಿಕೆ ಕಾರ್ಖಾನೆಗಳು ಬಹುಕಾಲದಿಂದ ಬಳಸುತ್ತಿವೆ. ಮುಸುಕು ಅಂಚನ್ನು ಕಾಯುವುದರಿಂದ ಸಾಧಾರಣ ಅಳತೆಯ ಏರ್‌ಬ್ರಷ್ ಮತ್ತು ಸಾಧಾರಣ ಅನುಭವದ ಕೆಲಸಗಾರನಿಂದಲೂ ನಗದಿಂದ ನಗಕ್ಕೆ ವ್ಯತ್ಯಾಸವಿಲ್ಲದ ಕೆಲಸ ಸಾಧ್ಯ. ಮುಕ್ತಹಸ್ತದ ಕೂದಲೆಳೆ ಗೆರೆ ಬೇಡುವ ಕೆಲಸ ತಿಂಗಳಿಗೆ ನಾಲ್ಕಾರು ಮಾತ್ರ ಬರುವ ಘಟಕಕ್ಕೆ ಅತಿ ಸೂಕ್ಷ್ಮ ಉಪಕರಣದ ಮೇಲೆ ಬಂಡವಾಳ ಹೂಡುವ ಅಗತ್ಯವಿರುವುದಿಲ್ಲ.

ರಚನೆಯ ಭೇದಗಳು

ಮಾರುಕಟ್ಟೆಯಲ್ಲಿರುವ ಏರ್‌ಬ್ರಷ್‌ಗಳನ್ನು ಮೂರು ನೆಲೆಗಳಲ್ಲಿ ವಿಂಗಡಿಸಬಹುದು.

ಮೊದಲನೆಯದು ಗುಂಡಿಯ ಕ್ರಿಯೆ. ಸಿಂಗಲ್ ಆಕ್ಷನ್ ಮಾದರಿಯಲ್ಲಿ ಗುಂಡಿ ಒತ್ತಿದಾಗ ಗಾಳಿ ಮತ್ತು ಬಣ್ಣ ಒಟ್ಟಿಗೆ ಬರುತ್ತವೆ. ಬಣ್ಣದ ಪ್ರಮಾಣವನ್ನು ಮೊದಲೇ ತಿರುಪಿನಿಂದ ನಿಗದಿಗೊಳಿಸಬೇಕು. ಡಬಲ್ ಆಕ್ಷನ್ ಮಾದರಿಯಲ್ಲಿ ಗುಂಡಿಯನ್ನು ಕೆಳಗೊತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ. ಗೆರೆ ಎಳೆಯುತ್ತಿರುವಾಗಲೇ ಅದನ್ನು ದಪ್ಪವಾಗಿಸಲು ಅಥವಾ ತೆಳುವಾಗಿಸಲು ಇದರಿಂದ ಸಾಧ್ಯವಾಗುವುದರಿಂದ ಸೂಕ್ಷ್ಮ ಕೆಲಸಕ್ಕೆ ಡಬಲ್ ಆಕ್ಷನ್ ಅಗತ್ಯವೆಂದೇ ಹೇಳಬೇಕು. ಇದನ್ನು ಕಲಿಯಲು ಕೆಲವು ವಾರಗಳ ಅಭ್ಯಾಸ ಬೇಕಾಗುತ್ತದೆ. ಮುಸುಕಿನ ಮೂಲಕ ಒಂದೇ ಬಣ್ಣ ಹಾಕುವ ಕೆಲಸಕ್ಕಾದರೆ ಸಿಂಗಲ್ ಆಕ್ಷನ್ ಸಾಕು, ಹೊಸ ಕೆಲಸಗಾರನಿಗೂ ಅದು ಬೇಗ ಒಗ್ಗುತ್ತದೆ.

ಎರಡನೆಯದು ಗಾಳಿ ಮತ್ತು ಬಣ್ಣ ಕೂಡುವ ಸ್ಥಳ. ನಾಝಲ್‌ನ ಹೊರಗೆ ಕೂಡುವ ಮಾದರಿಗಳು ಗಟ್ಟಿಮುಟ್ಟಾದವು, ತೊಳೆಯಲು ಸುಲಭ. ಆದರೆ ಅವುಗಳ ಹನಿ ದಪ್ಪ. ಗಾಳಿಯ ಮುಚ್ಚಳದೊಳಗೇ ಕೂಡುವ ಮಾದರಿಗಳು ನಯವಾದ ತುಂತುರನ್ನು ಕೊಡುತ್ತವೆ. ಸೂಕ್ಷ್ಮ ಕೆಲಸಕ್ಕೆ ಎರಡನೆಯ ಬಗೆಯನ್ನೇ ಆರಿಸಬೇಕು.

ಮೂರನೆಯದು ಬಣ್ಣದ ಪೂರೈಕೆ. ಬಣ್ಣದ ಬಟ್ಟಲು ಮೇಲಿರುವ ಗ್ರ್ಯಾವಿಟಿ ಫೀಡ್ ಮಾದರಿಯಲ್ಲಿ ಬಣ್ಣ ತನ್ನ ಭಾರದಿಂದಲೇ ಇಳಿದುಬರುವ ಕಾರಣ ಕಡಿಮೆ ಒತ್ತಡದಲ್ಲಿಯೂ ಕೆಲಸ ನಡೆಯುತ್ತದೆ, ಕೆಲವು ಹನಿ ಬಣ್ಣವಿದ್ದರೂ ಸಾಕಾಗುತ್ತದೆ. ಬಾಟಲಿ ಕೆಳಗೆ ತೂಗುವ ಸಕ್ಷನ್ ಫೀಡ್ ಮಾದರಿ ಬಣ್ಣವನ್ನು ಮೇಲಕ್ಕೆಳೆಯಲು ಹೆಚ್ಚಿನ ಒತ್ತಡ ಬೇಡುತ್ತದೆ. ಆದರೆ ಬಾಟಲಿ ಬದಲಿಸಿದರೆ ಬೇರೆ ಬಣ್ಣ ಸಿದ್ಧವಾಗುವುದರಿಂದ ಒಂದೇ ಬಣ್ಣವನ್ನು ದೊಡ್ಡ ಪ್ರಮಾಣದಲ್ಲಿ ಬಳಸುವ ಕೆಲಸಕ್ಕೆ ಅನುಕೂಲ. ಹೆಚ್ಚು ಕಡಿಮೆ ಒತ್ತಡವೇ ಸೂಕ್ಷ್ಮತೆಯ ಗುಟ್ಟಾಗಿರುವ ಕೆಲಸದಲ್ಲಿ ಗ್ರ್ಯಾವಿಟಿ ಫೀಡ್‌ಗೆ ಆದ್ಯತೆ ಸಲ್ಲಬೇಕು.

ರಂಧ್ರದ ಅಳತೆ: ಕಿರಿದಾದಷ್ಟೂ ಒಳಿತೇ?

ಏರ್‌ಬ್ರಷ್‌ಗಳ ನಾಝಲ್ ಅಳತೆ ಸಾಮಾನ್ಯವಾಗಿ 0.15ರಿಂದ 0.5 ಮಿಲಿಮೀಟರ್‌ವರೆಗೆ ಇರುತ್ತದೆ. 0.2 ಮತ್ತು 0.3ರ ನಡುವೆ ಅಂಥ ವ್ಯತ್ಯಾಸವೇನು ಎಂದು ಮೇಲ್ನೋಟಕ್ಕೆ ಅನಿಸಬಹುದು. ಆದರೆ ಬಣ್ಣ ಹರಿಯುವುದು ರಂಧ್ರದ ವಿಸ್ತೀರ್ಣದಲ್ಲಿ, ಮತ್ತು ವಿಸ್ತೀರ್ಣ ವ್ಯಾಸದ ವರ್ಗವನ್ನು ಅನುಸರಿಸುತ್ತದೆ. 0.3ರ ರಂಧ್ರದ ವಿಸ್ತೀರ್ಣ 0.2ರದಕ್ಕಿಂತ ಎರಡೂಕಾಲು ಪಟ್ಟು ದೊಡ್ಡದು. 0.5ರದು 0.2ರದಕ್ಕಿಂತ ಆರೂಕಾಲು ಪಟ್ಟು ದೊಡ್ಡದು. ಕಿರಿದಾದ ರಂಧ್ರ ಆರಿಸಿದಾಗ ಕೆಲಸದ ವೇಗ ಎಷ್ಟು ಇಳಿಯುತ್ತದೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಇನ್ನೊಂದು ತೊಡಕು ಬಣ್ಣದ ಕಣಗಳದು. 0.2 ಮಿಲಿಮೀಟರ್ ಎಂದರೆ 200 ಮೈಕ್ರಾನ್. ಹೊಳೆಯುವ ಮುತ್ತಿನ ಬಣ್ಣಗಳಲ್ಲಿ, ಬೆಳ್ಳಿ ಮತ್ತು ಚಿನ್ನದ ವರ್ಣಗಳಲ್ಲಿ ಇರುವ ಅಭ್ರಕ ಅಥವಾ ಲೋಹದ ಹಳಕುಗಳು ಹತ್ತಾರು ಮೈಕ್ರಾನ್ ಅಗಲವಿರುತ್ತವೆ. ಒಂದೊಂದೇ ಹಳಕು ಸುಲಭವಾಗಿ ತೂರಿಹೋದರೂ ನಾಲ್ಕಾರು ಒಟ್ಟಿಗೆ ಅಡ್ಡ ಬಂದರೆ ರಂಧ್ರ ಕಟ್ಟುತ್ತದೆ. ಸೂಜಿ ಪೂರ್ಣ ಹಿಂದೆ ಸರಿಯದೆ ಸ್ವಲ್ಪ ಮಾತ್ರ ತೆರೆದಿರುವಾಗ, ಅಂದರೆ ಸೂಕ್ಷ್ಮ ಗೆರೆ ಎಳೆಯುವಾಗಲೇ, ಇದು ಹೆಚ್ಚು.

ಈ ಹಿನ್ನೆಲೆಯಲ್ಲಿ ಅಳತೆಗಳನ್ನು ಹೀಗೆ ಹಂಚಿಕೊಳ್ಳಬಹುದು. 0.15ರಿಂದ 0.2ರವರೆಗಿನವು ಶಾಯಿ, ಡೈ ಮತ್ತು ಬಹಳ ತೆಳುವಾಗಿಸಿದ ನುಣುಪು ಬಣ್ಣಗಳಿಂದ ಕೂದಲೆಳೆಯ ಗೆರೆ, ಕಿರು ಪ್ರತಿಮೆಗಳ ಮುಖದ ನೆರಳು ಮುಂತಾದ ಕೆಲಸಕ್ಕೆ ಸಲ್ಲುತ್ತವೆ. 0.3ರಿಂದ 0.35ರವರೆಗಿನವು ಸಾಮಾನ್ಯ ಅಕ್ರಿಲಿಕ್, ಎನಾಮೆಲ್ ಮತ್ತು ಲಾಕರ್ ಬಣ್ಣಗಳನ್ನು ನಿಭಾಯಿಸುತ್ತವೆ. ಪಳಗಿದ ಕೈಯಲ್ಲಿ ಇವುಗಳಿಂದಲೂ ಪೆನ್ಸಿಲ್ ಗೆರೆಯಷ್ಟು ತೆಳುವಾದ ಗೆರೆ ಬರುತ್ತದೆ. 0.4ರಿಂದ 0.5ರವರೆಗಿನವು ಮೊದಲ ಪದರ, ಪ್ರೈಮರ್, ಹೊಳಪಿನ ಬಣ್ಣ ಮತ್ತು ವಾರ್ನಿಷ್‌ಗಳಿಗೆ ತಕ್ಕವು.

ಒಂದೇ ಉಪಕರಣ ಕೊಳ್ಳುವ ಘಟಕಕ್ಕೆ 0.3 ಅಥವಾ 0.35ರ ಅಳತೆ ವಿವೇಕದ ಆಯ್ಕೆ. ಎರಡು ಕೊಳ್ಳುವ ಶಕ್ತಿಯಿದ್ದರೆ ಮೊದಲ ಪದರಕ್ಕೆ 0.5ರದೊಂದು, ಸೂಕ್ಷ್ಮ ಕೆಲಸಕ್ಕೆ 0.2ರದೊಂದು ಇಟ್ಟುಕೊಳ್ಳುವುದು ಒಳಿತು. ಒಂದೇ ಮೈಗೆ 0.2 ಮತ್ತು 0.4ರ ಜೋಡಿಗಳನ್ನು ಬದಲಿಸಿ ಹಾಕಬಹುದಾದ ಮಾದರಿಗಳೂ ದೊರೆಯುತ್ತವೆ. ಆದರೆ ಪಾಳಿಯ ನಡುವೆ ಪದೇಪದೇ ಬಿಚ್ಚಿ ಜೋಡಿಸುವುದರಿಂದ ಸಮಯ ಹೋಗುತ್ತದೆ, ನಾಝಲ್ ಕಳೆದುಹೋಗುವ ಭಯವೂ ಇದೆ. ಸೂಜಿ, ನಾಝಲ್ ಮತ್ತು ಗಾಳಿಯ ಮುಚ್ಚಳ ಒಂದೇ ಅಳತೆಯ ಜೋಡಿಯಾಗಿರಬೇಕು ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಬಣ್ಣದ ಹದ ಮತ್ತು ಗಾಳಿಯ ಒತ್ತಡ

ಒಳ್ಳೆಯ ಉಪಕರಣವನ್ನು ತಂದು ಡಬ್ಬಿಯ ಬಣ್ಣವನ್ನು ಹಾಗೆಯೇ ಸುರಿದರೆ ಫಲ ಶೂನ್ಯ. ಸಾಮಾನ್ಯ ಕೆಲಸಕ್ಕೆ ಬಣ್ಣ ಹಾಲಿನ ಹದದಲ್ಲಿರಬೇಕು, ಸೂಕ್ಷ್ಮ ಕೆಲಸಕ್ಕೆ ನೀರುಮಜ್ಜಿಗೆಗಿಂತಲೂ ತೆಳುವಾಗಿರಬೇಕು. ಹೀಗೆ ತೆಳುವಾದ ಬಣ್ಣ ಒಂದೇ ಸಲಕ್ಕೆ ಮೈ ಮುಚ್ಚುವುದಿಲ್ಲ. ಹಲವು ತೆಳು ಪದರಗಳಲ್ಲಿ ಬಣ್ಣವನ್ನು ಕಟ್ಟುತ್ತ ಹೋಗುವುದೇ ಕ್ರಮ. ಬಟ್ಟಲಿಗೆ ಹಾಕುವ ಮುನ್ನ ಬಣ್ಣವನ್ನು ನುಣುಪಾದ ನೈಲಾನ್ ಜಾಲರಿಯಲ್ಲಿ ಸೋಸುವುದನ್ನು ಘಟಕದಲ್ಲಿ ಕಡ್ಡಾಯ ಮಾಡಬೇಕು. ನಾಝಲ್ ಕಟ್ಟುವ ತೊಂದರೆಯನ್ನು ಇಷ್ಟರಿಂದಲೇ ಬಹಳಷ್ಟು ತಗ್ಗಿಸಬಹುದು.

ಸಾಮಾನ್ಯ ಕೆಲಸಕ್ಕೆ ಚದರ ಅಂಗುಲಕ್ಕೆ 20ರಿಂದ 30 ಪೌಂಡ್ ಒತ್ತಡ ಸಾಕು. ಸೂಕ್ಷ್ಮ ಕೆಲಸದಲ್ಲಿ ಉಪಕರಣವನ್ನು ವಸ್ತುವಿನಿಂದ ಒಂದೆರಡು ಸೆಂಟಿಮೀಟರ್ ದೂರದಲ್ಲಿ, ಕೆಲವೊಮ್ಮೆ ಇನ್ನೂ ಹತ್ತಿರ ಹಿಡಿಯಬೇಕಾಗುತ್ತದೆ. ಅಷ್ಟು ಹತ್ತಿರದಿಂದ ಹೆಚ್ಚು ಗಾಳಿ ಬಿಟ್ಟರೆ ಒದ್ದೆ ಬಣ್ಣ ಜೇಡನ ಕಾಲುಗಳಂತೆ ಸುತ್ತಲೂ ಚೆದುರುತ್ತದೆ. ಆದ್ದರಿಂದ ಒತ್ತಡವನ್ನು 10ರಿಂದ 15 ಪೌಂಡ್‌ಗೆ ಇಳಿಸಬೇಕು. ಇಷ್ಟು ಕಡಿಮೆ ಒತ್ತಡದಲ್ಲಿ ದಪ್ಪ ಬಣ್ಣ ತುಂತುರಾಗದೆ ಹರಳುಹರಳಾಗಿ ಬೀಳುತ್ತದೆ. ಒತ್ತಡ ಇಳಿಸಿದಂತೆ ಬಣ್ಣವನ್ನೂ ತೆಳುವಾಗಿಸಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ನೀರಿನ ಆಧಾರದ ಅಕ್ರಿಲಿಕ್ ಬಣ್ಣಗಳು ಸೂಜಿಯ ಮೊನೆಯಲ್ಲಿ ಬೇಗ ಒಣಗಿ ಅಂಟಿಕೊಳ್ಳುತ್ತವೆ. ಒಣಗುವಿಕೆಯನ್ನು ನಿಧಾನಗೊಳಿಸುವ ದ್ರವವನ್ನು ಕೆಲವು ಹನಿ ಬೆರೆಸುವುದು, ಆಗಾಗ ಒದ್ದೆ ಹತ್ತಿಯಿಂದ ಮೊನೆಯನ್ನು ಒರೆಸುವುದು ಇದಕ್ಕೆ ಪರಿಹಾರ. ಬಯಲುಸೀಮೆಯ ಬೇಸಗೆಯಲ್ಲಿ ಈ ತೊಂದರೆ ಹೆಚ್ಚು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ತೊಂದರೆ ಬೇರೆಯದು: ಬೇಗ ಒಣಗುವ ಲಾಕರ್ ಬಣ್ಣಗಳ ಮೇಲೆ ಗಾಳಿಯ ತೇವ ಕುಳಿತು ಮೈ ಬಿಳಿಚಿಕೊಳ್ಳುತ್ತದೆ. ನಿಧಾನವಾಗಿ ಆರುವ ಥಿನ್ನರ್ ಬಳಸುವುದರಿಂದ ಇದನ್ನು ಬಹುಮಟ್ಟಿಗೆ ತಡೆಯಬಹುದು.

ಕಂಪ್ರೆಸರ್ ಅಲಕ್ಷಿಸುವಂತಿಲ್ಲ

ಏರ್‌ಬ್ರಷ್‌ಗೆ ಹಣ ಸುರಿದು ಕಂಪ್ರೆಸರ್‌ನಲ್ಲಿ ಉಳಿಸಲು ಹೋಗುವುದು ಸಾಮಾನ್ಯ. ಗಾಳಿಯ ಸಂಗ್ರಹವಿಲ್ಲದ ಪುಟ್ಟ ಕಂಪ್ರೆಸರ್‌ನಲ್ಲಿ ಪಿಸ್ಟನ್ನಿನ ಪ್ರತಿ ಹೊಡೆತವೂ ಗಾಳಿಯಲ್ಲಿ ಮಿಡಿತವಾಗಿ ಮುಟ್ಟುತ್ತದೆ, ಗೆರೆ ಮಣಿಸರದಂತೆ ದಪ್ಪ ತೆಳುವಾಗುತ್ತದೆ. ಮೂರು ಲೀಟರಿನಷ್ಟು ಸಣ್ಣ ಟ್ಯಾಂಕ್ ಇದ್ದರೂ ಈ ದೋಷ ಬಹುಪಾಲು ಅಳಿಯುತ್ತದೆ, ಮೋಟಾರಿಗೂ ನಡುನಡುವೆ ವಿಶ್ರಾಂತಿ ದೊರೆಯುತ್ತದೆ. ಒಬ್ಬ ಕೆಲಸಗಾರನಿಗೆ 1/6 ಅಶ್ವಶಕ್ತಿಯ, ಎಣ್ಣೆ ಬೇಡದ, ಟ್ಯಾಂಕ್ ಇರುವ ಕಂಪ್ರೆಸರ್ ಸಾಕಾಗುತ್ತದೆ. ಮೂರು ನಾಲ್ಕು ಜನ ಒಟ್ಟಿಗೆ ಕೆಲಸ ಮಾಡುವ ಕಡೆ ಒಂದು ದೊಡ್ಡ ಕಂಪ್ರೆಸರ್‌ನಿಂದ ಕೊಳವೆ ಎಳೆದು, ಪ್ರತಿ ಆಸನಕ್ಕೂ ಪ್ರತ್ಯೇಕ ರೆಗ್ಯುಲೇಟರ್ ಕೂರಿಸುವುದು ಮಿತವ್ಯಯದ ದಾರಿ. ಬೇರೆ ಕೆಲಸಕ್ಕೆಂದು ಈಗಾಗಲೇ ಕಂಪ್ರೆಸರ್ ಇರುವ ಘಟಕಗಳು ಅದನ್ನೇ ಬಳಸಬಹುದು. ಆದರೆ ಅದು ಎಣ್ಣೆಯಲ್ಲಿ ನಡೆಯುವಂಥದಾದರೆ ಎಣ್ಣೆಯ ಹಬೆ ಬಣ್ಣದಲ್ಲಿ ಬೆರೆತು ಮೀನಿನ ಕಣ್ಣಿನಂಥ ಗುಳಿಗಳು ಏಳುತ್ತವೆ. ಸೂಕ್ತ ಫಿಲ್ಟರ್ ಇಲ್ಲದೆ ಬಳಸಬಾರದು.

ಒತ್ತಿದ ಗಾಳಿ ತಣ್ಣಗಾದಾಗ ಅದರಲ್ಲಿನ ತೇವ ನೀರಾಗುತ್ತದೆ. ಕೆಲಸದ ನಡುವೆ ಒಂದು ಹನಿ ನೀರು ಉಗುಳಿದರೆ ಇಡೀ ನಗ ಹಾಳು. ರೆಗ್ಯುಲೇಟರ್‌ನ ಜೊತೆಗಿರುವ ನೀರು ಬಸಿಯುವ ಬಟ್ಟಲನ್ನು ಮತ್ತು ಟ್ಯಾಂಕಿನ ತಳದ ತಿರುಪನ್ನು ಮಳೆಗಾಲದಲ್ಲಿ ದಿನವೂ ತೆರೆದು ಖಾಲಿ ಮಾಡಬೇಕು. ಕೊಳವೆಯ ಜೋಡಣೆಯ ಮರೆ 1/8 ಅಂಗುಲದ ಬಿ.ಎಸ್.ಪಿ. ಅಳತೆಯದೇ ಎಂಬುದನ್ನೂ ನೋಡಿಕೊಳ್ಳಬೇಕು. ಬಹುತೇಕ ಉಪಕರಣಗಳು ಈ ಅಳತೆಯವಾದರೂ ಪಾಷೆ ಮತ್ತು ಬ್ಯಾಡ್ಜರ್ ಮರೆಗಳು ಭಿನ್ನವಾಗಿದ್ದು, ಅವಕ್ಕೆ ಹೊಂದಿಸುವ ತುಂಡು ಬೇಕಾಗುತ್ತದೆ.

ಬೆಲೆಯ ನಿಜವಾದ ಲೆಕ್ಕ

ಹೆಸರಿಲ್ಲದ ಮಾದರಿಗಳಿಗೂ ಹೆಸರಾಂತ ತಯಾರಕರ ಮಾದರಿಗಳಿಗೂ ಬೆಲೆಯಲ್ಲಿ ಅನೇಕ ಪಟ್ಟು ಅಂತರವಿದೆ. ಅಗ್ಗದ್ದೆಲ್ಲ ಕೆಟ್ಟದ್ದಲ್ಲ. ಕಲಿಯುವವರ ಕೈಗೆ, ಪ್ರೈಮರ್ ಹಾಕುವ ಕೆಲಸಕ್ಕೆ ಅವು ಸಾಕಾಗುತ್ತವೆ. ಆದರೆ ಅವುಗಳಲ್ಲಿ ಒಂದು ನಗದಂತೆ ಇನ್ನೊಂದು ಇರುವ ಭರವಸೆ ಇಲ್ಲ, ಹಾಗೂ ಒಂದರ ನಾಝಲ್ ಇನ್ನೊಂದಕ್ಕೆ ಕೂರುವ ಖಾತ್ರಿಯೂ ಇಲ್ಲ.

ಉದಾಹರಣೆಗೆ ಒಂದು ಲೆಕ್ಕ ಹಾಕಿ ನೋಡಬಹುದು. ಕೆಲಸಗಾರನ ಕೂಲಿ ಮತ್ತು ಸ್ಥಳದ ಖರ್ಚು ಸೇರಿ ಗಂಟೆಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. ಕಟ್ಟಿದ ನಾಝಲ್ ಬಿಡಿಸುವುದರಲ್ಲಿ, ಉಗುಳಿದ ಬಣ್ಣ ಒರೆಸಿ ತಿದ್ದುವುದರಲ್ಲಿ ದಿನಕ್ಕೆ 45 ನಿಮಿಷ ಹೋದರೆ ನಷ್ಟ 75 ರೂಪಾಯಿ. ವರ್ಷಕ್ಕೆ 250 ಕೆಲಸದ ದಿನಗಳೆಂದರೆ 18,750 ರೂಪಾಯಿ. ತಿರಸ್ಕೃತವಾದ ನಗಗಳ ಬೆಲೆ ಇದರಲ್ಲಿ ಸೇರಿಲ್ಲ. ಪ್ರತಿಯೊಬ್ಬ ಉದ್ದಿಮೆದಾರನೂ ತನ್ನ ಘಟಕದ ಅಂಕಿಗಳನ್ನು ಇದೇ ರೀತಿ ಹಾಕಿ ನೋಡಿದರೆ ಉಳಿಸಿದ್ದೆಷ್ಟು, ಕಳೆದದ್ದೆಷ್ಟು ಎಂಬುದು ತಿಳಿಯುತ್ತದೆ. ಇದೇ ಲೆಕ್ಕ ತಿರುಗಿಯೂ ಅನ್ವಯಿಸುತ್ತದೆ. ದುಬಾರಿಯಾದ 0.18ರ ಉಪಕರಣದಲ್ಲಿ ಹೊಳಪಿನ ಬಣ್ಣ ಹಾಕಲು ಹೊರಟರೂ ಅದೇ 45 ನಿಮಿಷ ಹೋಗುತ್ತದೆ.

ಸೂಜಿ, ನಾಝಲ್ ಮತ್ತು ಸೀಲ್‌ಗಳು ಸವೆಯುವ ಭಾಗಗಳು. ಸೂಜಿಯ ಮೊನೆ ಒಮ್ಮೆ ತಾಗಿ ಬಾಗಿದರೆ ತುಂತುರು ಒಂದು ಬದಿಗೆ ತಿರುಗುತ್ತದೆ. ಗೌರಿ ಗಣೇಶ ಹಬ್ಬದ ಮುಂಚಿನ ವಾರಗಳಲ್ಲಿ ಬೇಡಿಕೆ ತುದಿ ಮುಟ್ಟಿರುವಾಗ, ಒಂದು ನಾಝಲ್ ವಿದೇಶದಿಂದ ಬರಲು ಮೂರು ವಾರ ಕಾಯಬೇಕಾದರೆ ವ್ಯಾಪಾರವೇ ಕೈತಪ್ಪುತ್ತದೆ. ಆದ್ದರಿಂದ ಉಪಕರಣ ಕೊಳ್ಳುವಾಗಲೇ ಒಂದು ಸೂಜಿ, ಒಂದು ನಾಝಲ್ ಮತ್ತು ಒಂದು ಜೊತೆ ಸೀಲ್‌ಗಳನ್ನು ಸೇರಿಸಿ ಕೊಳ್ಳಬೇಕು. ಬಿಡಿಭಾಗಗಳು ದೇಶದೊಳಗೇ ದಾಸ್ತಾನಿರುವ ಮಾದರಿಯೇ ಮೇಲು. ಜಿ.ಎಸ್.ಟಿ. ನೋಂದಣಿ ಇರುವ ಘಟಕಗಳು ಸರಿಯಾದ ಬಿಲ್ ಪಡೆಯುವುದನ್ನೂ ಮರೆಯಬಾರದು.

ನಾಝಲ್‌ಗಳಲ್ಲಿಯೂ ಎರಡು ಬಗೆ. ಕಡಲೆಕಾಳಿಗಿಂತ ಸಣ್ಣದಾದ, ಮರೆ ಕೊರೆದ ನಾಝಲ್‌ಗಳನ್ನು ಪುಟ್ಟ ಸ್ಪ್ಯಾನರ್‌ನಿಂದ ಬಿಗಿಯಬೇಕು. ಸ್ವಲ್ಪ ಹೆಚ್ಚು ತಿರುಗಿಸಿದರೂ ಅವು ಮುರಿಯುತ್ತವೆ. ಕೇವಲ ಕೂರಿಸಿ ಮುಚ್ಚಳ ಬಿಗಿದರೆ ತಾವೇ ಮಧ್ಯಕ್ಕೆ ನಿಲ್ಲುವ ನಾಝಲ್‌ಗಳು ಹಲವು ಕೈಗಳು ಬಳಸುವ ಕಾರ್ಯಾಗಾರಕ್ಕೆ ಹೆಚ್ಚು ಹೊಂದುತ್ತವೆ.

ಅಂಗಡಿಯಲ್ಲಿಯೇ ಪರೀಕ್ಷೆ

ಕೊಳ್ಳುವ ಮುನ್ನ ಕೆಲವು ಸರಳ ಪರೀಕ್ಷೆಗಳನ್ನು ಮಾಡಲು ವ್ಯಾಪಾರಿಯನ್ನು ಕೇಳುವುದರಲ್ಲಿ ಸಂಕೋಚ ಬೇಡ. ಸೂಜಿಯನ್ನು ಹೊರತೆಗೆದು ಗಾಜಿನ ಮೇಲೆ ಉರುಳಿಸಿದಾಗ ಮೊನೆ ಎಗರಬಾರದು. ನಾಝಲ್‌ನ ಬಾಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ದುಂಡಾಗಿದ್ದು ಬಿರುಕಿಲ್ಲದಿರಬೇಕು. ಬಟ್ಟಲಿಗೆ ನೀರು ಹಾಕಿ ಗಾಳಿ ಮಾತ್ರ ಬಿಟ್ಟಾಗ ಬಟ್ಟಲಿನಲ್ಲಿ ಗುಳ್ಳೆ ಏಳಬಾರದು. ಎದ್ದರೆ ನಾಝಲ್ ಸರಿಯಾಗಿ ಕುಳಿತಿಲ್ಲ ಎಂದರ್ಥ. ಗುಂಡಿಯ ಚಲನೆ ಆರಂಭದಿಂದ ಕೊನೆಯವರೆಗೂ ತಡೆಯಿಲ್ಲದೆ ಸಾಗಬೇಕು.

ಅನಂತರ ಶಾಯಿ ಹಾಕಿ ಕಾಗದದ ಮೇಲೆ ಸಾಸಿವೆ ಕಾಳಿನಷ್ಟು ಚುಕ್ಕಿಗಳ ಸಾಲೊಂದನ್ನು, ತೆಳುವಾಗಿ ಆರಂಭವಾಗಿ ದಪ್ಪವಾಗಿ ಮತ್ತೆ ತೆಳುವಾಗಿ ಮುಗಿಯುವ ಗೆರೆಯೊಂದನ್ನು ಎಳೆಯಿಸಿ ನೋಡಬೇಕು. ಗೆರೆಯ ಆರಂಭದಲ್ಲಿ ದಪ್ಪ ಹನಿ ಬೀಳುವುದು, ಚುಕ್ಕಿ ಒಂದು ಬದಿಗೆ ಹರಡುವುದು ದೋಷದ ಲಕ್ಷಣ. ಥಿನ್ನರ್ ಬಳಸುವ ಘಟಕಗಳು ಸೀಲ್‌ಗಳು ಟೆಫ್ಲಾನ್‌ನವೇ ಎಂದು ಖಚಿತಪಡಿಸಿಕೊಳ್ಳಬೇಕು. ಸಾಮಾನ್ಯ ರಬ್ಬರ್ ಥಿನ್ನರ್‌ನಲ್ಲಿ ಉಬ್ಬಿ ಹಾಳಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಉಪಕರಣವನ್ನು ದಿನವೂ ಹಿಡಿಯುವ ಕೆಲಸಗಾರನನ್ನೇ ಜೊತೆಗೆ ಕರೆದೊಯ್ಯುವುದು ಲೇಸು. ಮಾಲೀಕನ ಕೈಗೆ ಹಗುರವೆನಿಸಿದ್ದು ಅವನ ಕೈಗೆ ಹೊಂದದಿರಬಹುದು.

ಕಾನೂನು ಮತ್ತು ಆರೋಗ್ಯ

ಯಾವ ಬಣ್ಣ ಎಂಬುದು ಈಗ ಕೇವಲ ರುಚಿಯ ಪ್ರಶ್ನೆಯಾಗಿ ಉಳಿದಿಲ್ಲ. ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ಕೇಂದ್ರದ ನಿಯಮಗಳು 2016ರಲ್ಲಿ ಪ್ರಕಟವಾಗಿ 2017ರ ನವೆಂಬರ್ 1ರಿಂದ ಜಾರಿಗೆ ಬಂದವು. ಕೈಗಾರಿಕಾ ಬಣ್ಣಗಳು ಆ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ. ಹೀಗಾಗಿ ವಾಹನಗಳಿಗೆಂದು ಮಾರುವ ಬಣ್ಣವನ್ನು ಹೊಳಪಿನ ಆಸೆಗೆ ಆಟಿಕೆಗಳ ಮೇಲೆ ಬಳಸುವುದು ಅಪಾಯಕರ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಕರಕುಶಲ ವಸ್ತುಗಳ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತ ಕುಶಲಕರ್ಮಿಗಳು ತಯಾರಿಸಿ ಮಾರುವ ಸರಕಿಗೂ ಭೌಗೋಳಿಕ ಸೂಚಿಕೆ ಪಡೆದ ಆಟಿಕೆಗಳಿಗೂ ವಿನಾಯಿತಿ ನೀಡಲಾಗಿದೆ. ವಿನಾಯಿತಿ ಇದ್ದರೂ ಮಗು ಬಾಯಿಗಿಡುವ ವಸ್ತುವಿನ ಬಣ್ಣ ಸುರಕ್ಷಿತವಾಗಿರಬೇಕಾದ ಹೊಣೆ ತಯಾರಕನದೇ. ವಿಗ್ರಹಗಳ ಬಗ್ಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಗಳು ವಿಷಕಾರಿ ರಾಸಾಯನಿಕ ಬಣ್ಣಗಳನ್ನು ಬಿಟ್ಟು ನೀರಿನ ಆಧಾರದ ಸಹಜ ವರ್ಣಗಳನ್ನು ಬಳಸಲು ಹೇಳುತ್ತವೆ. ಅಂಥ ವರ್ಣಗಳ ಕಣ ಒರಟಾಗಿರುವ ಸಾಧ್ಯತೆ ಇರುವುದರಿಂದ ಚೆನ್ನಾಗಿ ಅರೆದು ಸೋಸಿ, 0.3ಕ್ಕಿಂತ ಕಿರಿದಲ್ಲದ ನಾಝಲ್‌ನಲ್ಲಿ ಬಳಸುವುದು ಸೂಕ್ತ.

ಕುಂಚದಲ್ಲಿರುವ ಬಣ್ಣ ಕುಂಚದಲ್ಲಿಯೇ ಉಳಿಯುತ್ತದೆ, ತುಂತುರಾದ ಬಣ್ಣ ಶ್ವಾಸಕೋಶವನ್ನು ಸೇರುತ್ತದೆ. ಬಟ್ಟೆಯ ಮುಖಗವಸು ಥಿನ್ನರ್‌ನ ಹಬೆಯನ್ನು ತಡೆಯುವುದಿಲ್ಲ. ಅದಕ್ಕೆ ಸಾವಯವ ಹಬೆಗೆಂದೇ ತಯಾರಾದ ಇದ್ದಿಲಿನ ಡಬ್ಬಿಯುಳ್ಳ ಮುಖಕವಚ ಬೇಕು. ಹೆಲ್ಮೆಟ್ ಮತ್ತು ವಾಹನಗಳಿಗೆ ಬಳಸುವ, ಹಾರ್ಡನರ್ ಬೆರೆಸುವ ಬಣ್ಣಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಅದು ಉಬ್ಬಸವನ್ನು ತರಬಲ್ಲದು, ಒಮ್ಮೆ ದೇಹಕ್ಕೆ ಒಗ್ಗದಂತಾದರೆ ಅಲ್ಪ ಪ್ರಮಾಣವೂ ತೊಂದರೆ ಕೊಡುತ್ತದೆ. ಅಂಥ ಕೆಲಸಕ್ಕೆ ಹೊರಗಿನ ಶುದ್ಧ ಗಾಳಿಯನ್ನು ಪೂರೈಸುವ ಮುಖಕವಚವೇ ಸರಿಯಾದ ರಕ್ಷಣೆ. ಹಬೆಯನ್ನು ಹೊರಹಾಕುವ ಫ್ಯಾನ್ ಕಿಡಿ ಹಾರಿಸದ ಮೋಟಾರಿನದಾಗಿರಬೇಕು, ದೀಪ ಮತ್ತು ಊದುಬತ್ತಿ ಆ ಕೋಣೆಯಲ್ಲಿ ಕೂಡದು. ಏರ್‌ಬ್ರಷ್‌ಗೆ ಮೀಸಲಿಟ್ಟ ಹಣದಲ್ಲಿಯೇ ಇವುಗಳ ಪಾಲನ್ನೂ ಲೆಕ್ಕ ಹಿಡಿಯಬೇಕು.

ನಿತ್ಯದ ನಿಗಾ

ಉಪಕರಣದ ಆಯುಷ್ಯ ಅದನ್ನು ತೊಳೆಯುವ ಕ್ರಮವನ್ನು ಅವಲಂಬಿಸಿದೆ. ಬಣ್ಣ ಬದಲಿಸುವಾಗಲೆಲ್ಲ ಬಟ್ಟಲನ್ನು ಒರೆಸಿ, ಆಯಾ ಬಣ್ಣಕ್ಕೆ ಹೊಂದುವ ದ್ರಾವಕವನ್ನು ಹಾಯಿಸಬೇಕು. ದಿನದ ಕೊನೆಗೆ ಸೂಜಿಯನ್ನು ತಿರುಚದೆ ನೇರವಾಗಿ ಎಳೆದು, ಬುಡದಿಂದ ಮೊನೆಯ ಕಡೆಗೆ ಒರೆಸಬೇಕು. ನಾಝಲ್‌ನೊಳಗೆ ಗುಂಡುಸೂಜಿ ಅಥವಾ ತಂತಿ ತೂರಿಸುವ ಅಭ್ಯಾಸ ಬಾಯನ್ನು ಅಗಲಿಸಿ ಉಪಕರಣವನ್ನೇ ಕೆಡಿಸುತ್ತದೆ. ಇಡೀ ಉಪಕರಣವನ್ನು ಥಿನ್ನರ್‌ನಲ್ಲಿ ನೆನೆಹಾಕುವುದೂ ತಪ್ಪು. ಒಂದು ಏರ್‌ಬ್ರಷ್ ಒಬ್ಬ ಕೆಲಸಗಾರನ ಹೊಣೆಯಲ್ಲಿರುವಂತೆ ಏರ್ಪಾಡು ಮಾಡಿದ ಕಡೆ ಅದು ಬಹುಕಾಲ ಬಾಳುತ್ತದೆ.

ಸಾರಾಂಶ

ಆಯ್ಕೆಗೆ ಮುನ್ನ ಉದ್ದಿಮೆದಾರರು ಈ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳುವುದು ಉಪಯುಕ್ತ.

1. ಕೆಲಸಕ್ಕೆ ಮೃದುವಾದ ನೆರಳು ಬೇಕೋ, ಸ್ಪಷ್ಟ ಗೆರೆ ಬೇಕೋ? ಗೆರೆಯಾದರೆ ಕುಂಚ ಅಥವಾ ಕೊರೆಯಚ್ಚು ಸಾಲದೇ?

2. ದಿನವೂ ಬಳಸುವ ಬಣ್ಣ ಯಾವುದು, ಅದರ ಕಣ ಎಷ್ಟು ನುಣುಪು?

3. ಇರುವ ಕಂಪ್ರೆಸರ್ 10ರಿಂದ 15 ಪೌಂಡ್ ಒತ್ತಡವನ್ನು ಮಿಡಿತವಿಲ್ಲದೆ, ಒಣಗಾಳಿಯಾಗಿ ಕೊಡಬಲ್ಲದೇ?

4. ನಾಝಲ್ ಮತ್ತು ಸೂಜಿ ವಾರದೊಳಗೆ ದೊರೆಯುತ್ತವೆಯೇ?

5. ಉಪಕರಣ ಹಿಡಿಯುವವರು ಯಾರು, ಅವರಿಗೆ ಅಭ್ಯಾಸಕ್ಕೆ ಎಷ್ಟು ದಿನ ಕೊಡಲು ಸಾಧ್ಯ?

6. ಮುಖಕವಚ ಮತ್ತು ಗಾಳಿಯ ವ್ಯವಸ್ಥೆಗೆ ಹಣ ತೆಗೆದಿರಿಸಲಾಗಿದೆಯೇ?

ಈ ಉತ್ತರಗಳನ್ನು ಮುಂದಿಟ್ಟುಕೊಂಡರೆ ಅನೇಕ ಘಟಕಗಳ ಪಾಲಿಗೆ ಸೂಕ್ತ ಆಯ್ಕೆ ಒಂದೇ ಕಡೆಗೆ ಬೊಟ್ಟು ಮಾಡುತ್ತದೆ: ಬಿಡಿಭಾಗ ಸುಲಭವಾಗಿ ಸಿಗುವ, 0.3 ಅಥವಾ 0.35 ಮಿಲಿಮೀಟರ್‌ನ, ಡಬಲ್ ಆಕ್ಷನ್, ಗ್ರ್ಯಾವಿಟಿ ಫೀಡ್ ಉಪಕರಣ, ಜೊತೆಗೆ ಟ್ಯಾಂಕ್ ಮತ್ತು ರೆಗ್ಯುಲೇಟರ್ ಇರುವ ಕಂಪ್ರೆಸರ್. ಅದರಲ್ಲಿ ಕೈ ಪಳಗಿದ ಮೇಲೆ, ಅದರಿಂದಾಗದ ಕೆಲಸಕ್ಕೆ ನಿಯತವಾಗಿ ಬೇಡಿಕೆ ಬರತೊಡಗಿದಾಗ, 0.2ರ ಉಪಕರಣವನ್ನು ಕೊಳ್ಳಲು ಸಮಯ ಬಂದಿದೆ ಎಂದು ತಿಳಿಯಬಹುದು. ಆಗ ಅದರ ಬೆಲೆಯನ್ನು ಆ ಕೆಲಸವೇ ತೆರುತ್ತದೆ.